ಲಿಟಲ್ ವಿಚ್ ಅಕಾಡೆಮಿಯಾ

ಲಿಟಲ್ ವಿಚ್ ಅಕಾಡೆಮಿಯಾ ಜಪಾನಿನ ಸ್ಟುಡಿಯೊ ಟ್ರಿಗರ್ ತಯಾರಿಸಿದ ಅನಿಮೆ ಕೃತಿಮಾಲೆ. ಯೋ ಯೋಶಿನಾರಿ ಇದರ ಮೂಲ ಕಲ್ಪನೆಗಾರರು ಮತ್ತು ನಿರ್ದೇಶಕರು. 2013ರಲ್ಲಿ 26 ನಿಮಿಷಗಳ ಕಿರುಚಿತ್ರ, 2015ರಲ್ಲಿ 55 ನಿಮಿಷಗಳ ಎರಡನೆಯ ಚಿತ್ರ, 2017ರಲ್ಲಿ 25 ಕಂತುಗಳ ಟಿ.ವಿ. ಸರಣಿ ಹೀಗೆ ಮೂರು ಹಂತಗಳಲ್ಲಿ ಇದು ಬೆಳೆಯಿತು. ಮಾಂತ್ರಿಕರ ಮನೆತನದಲ್ಲಿ ಹುಟ್ಟದ, ಪೊರಕೆಯ ಮೇಲೆ ಕೂತರೆ ಒಂದಂಗುಲವೂ ಮೇಲೇಳದ ಹುಡುಗಿಯೊಬ್ಬಳು ಮಾಯಾವಿದ್ಯೆಯ ಶಾಲೆ ಸೇರಿ ಪಡುವ ಪಾಡು ಇದರ ಕಥಾವಸ್ತು. ಮಾಯಾಲೋಕದ ಕಥೆಗಳ ನಾಯಕರಿಗೆ ಸಾಮಾನ್ಯವಾಗಿ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುತ್ತದೆ, ಇಲ್ಲವೇ ಭವಿಷ್ಯವಾಣಿಯೊಂದು ಅವರಿಗಾಗಿ ಕಾದಿರುತ್ತದೆ. ಇಲ್ಲಿನ ನಾಯಕಿಗೆ ಎರಡೂ ಇಲ್ಲ. ಇರುವುದು ಆಸೆ ಮತ್ತು ಹಟ ಮಾತ್ರ. ಈ ಕೃತಿ ಹುಟ್ಟಿದ್ದೂ ಒಂದು ಪಾಠಶಾಲೆಯ ಒಳಗೇ. ಯುವ ಚಿತ್ರಕಾರರಿಗೆ ಕೆಲಸ ಕಲಿಸಲು ಜಪಾನ್ ಸರ್ಕಾರ ಹಣ ಕೊಟ್ಟ ತರಬೇತಿ ಯೋಜನೆಯಲ್ಲಿ ಮೊದಲ ಚಿತ್ರ ತಯಾರಾಯಿತು. ಪರದೆಯ ಮೇಲೆ ತಡವರಿಸಿ ಕಲಿಯುವ ಹುಡುಗಿಯನ್ನು ಚಿತ್ರಿಸಿದವರೂ ಕಲಿಯುತ್ತಿದ್ದವರೇ.

ಹಿನ್ನೆಲೆ: ಜಪಾನಿನ ಮಾಯಾಬಾಲೆಯರು

ಮಂತ್ರಶಕ್ತಿಯುಳ್ಳ ಹುಡುಗಿಯರ ಕಥೆಗಳು ಜಪಾನಿ ಅನಿಮೆಯಲ್ಲಿ ಒಂದು ಪ್ರತ್ಯೇಕ ಪ್ರಕಾರ. ಅದನ್ನು ಅಲ್ಲಿ ‘ಮಹೋ ಶೋಜೊ’, ಅಂದರೆ ಮಾಯಾಬಾಲೆ, ಎಂದು ಕರೆಯುತ್ತಾರೆ. ಮಿತ್ಸುತೆರು ಯೊಕೊಯಾಮಾ ಅವರ ಮಾಂಗಾ ಕಾಮಿಕ್ಸ್ ಆಧರಿಸಿ ತೋಯೆ ಸಂಸ್ಥೆ 1966ರ ಡಿಸೆಂಬರಿನಲ್ಲಿ ಆರಂಭಿಸಿದ ‘ಮಹೋತ್ಸುಕಾಯ್ ಸ್ಯಾಲಿ’ ಈ ಪ್ರಕಾರದ ಮೊದಲ ಟಿ.ವಿ. ಸರಣಿ. ಮದುವೆಯಾಗಿ ಮನೆವಾರ್ತೆ ನೋಡಿಕೊಳ್ಳುವ ಮಾಯಗಾತಿಯ ಕಥೆಯಿದ್ದ ಅಮೆರಿಕದ ‘ಬಿವಿಚ್ಡ್’ ಧಾರಾವಾಹಿ ಯೊಕೊಯಾಮಾ ಅವರಿಗೆ ಪ್ರೇರಣೆಯಾಗಿತ್ತು. 1969ರಲ್ಲಿ ಫುಜಿಯೊ ಅಕಾತ್ಸುಕಾ ಅವರ ‘ಹಿಮಿತ್ಸು ನೊ ಅಕ್ಕೊಚಾನ್’ ತೆರೆಗೆ ಬಂತು. ಅದರಲ್ಲಿ ಕನ್ನಡಿಯ ನೆರವಿನಿಂದ ಬೇಕಾದ ರೂಪ ತಾಳುವ ಹುಡುಗಿಯ ಪೂರ್ಣ ಹೆಸರು ಅತ್ಸುಕೊ ಕಾಗಾಮಿ. ‘ಕಾಗಾಮಿ’ ಎಂದರೆ ಕನ್ನಡಿ. ಲಿಟಲ್ ವಿಚ್ ಅಕಾಡೆಮಿಯಾದ ನಾಯಕಿ ಅತ್ಸುಕೊ ಕಾಗಾರಿ. ಇವಳನ್ನೂ ಎಲ್ಲರೂ ಅಕ್ಕೊ ಎಂದೇ ಕರೆಯುತ್ತಾರೆ. ಒಂದಕ್ಷರದ ವ್ಯತ್ಯಾಸದಲ್ಲಿ ಹಳೆಯ ಪರಂಪರೆಗೆ ಸಲ್ಲಿಸಿದ ನಮಸ್ಕಾರ ಇದು ಎಂದು ಜಪಾನಿ ನೋಡುಗರಿಗೆ ಕೂಡಲೇ ಗೊತ್ತಾಗುತ್ತದೆ. ಕನ್ನಡದ ಕಿವಿಗಾದರೋ ಅದು ‘ಅಕ್ಕ’ನ ಹತ್ತಿರದ ಹೆಸರು.

ಏಕೊ ಕಾದೊನೊ 1985ರಲ್ಲಿ ಬರೆದ ಮಕ್ಕಳ ಕಾದಂಬರಿಯನ್ನು ಆಧರಿಸಿ ಹಯಾವೊ ಮಿಯಾಝಾಕಿ 1989ರಲ್ಲಿ ಮಾಡಿದ ‘ಕಿಕಿಸ್ ಡೆಲಿವರಿ ಸರ್ವಿಸ್’ ಪೊರಕೆ ಏರಿದ ಹುಡುಗಿಯನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆ ಕಿಕಿಯೂ ಕಥೆಯ ನಡುವೆ ಹಾರುವ ಶಕ್ತಿಯನ್ನು ಕಳೆದುಕೊಳ್ಳುತ್ತಾಳೆ. ಇತ್ತ ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿ ಜಿಲ್ ಮರ್ಫಿ 1974ರಲ್ಲೇ ‘ದಿ ವರ್ಸ್ಟ್ ವಿಚ್’ ಪುಸ್ತಕದಲ್ಲಿ ಮಾಯಾಶಾಲೆಯ ದಡ್ಡ ವಿದ್ಯಾರ್ಥಿನಿ ಮಿಲ್ಡ್ರೆಡ್ ಹಬಲ್‌ಳನ್ನು ಸೃಷ್ಟಿಸಿದ್ದರು. 1997ರಲ್ಲಿ ಶುರುವಾದ ಹ್ಯಾರಿ ಪಾಟರ್ ಮಾಲೆ ವಸತಿಶಾಲೆ, ಉದ್ದನೆಯ ಊಟದ ಮೇಜು, ಗದರಿಸುವ ಅಧ್ಯಾಪಕಿ, ಪೊರಕೆಯ ಸ್ಪರ್ಧೆ ಇವನ್ನೆಲ್ಲ ಮನೆಮಾತಾಗಿಸಿತು. ಈ ಎಲ್ಲ ಎಳೆಗಳೂ ಲಿಟಲ್ ವಿಚ್ ಅಕಾಡೆಮಿಯಾದಲ್ಲಿ ಸೇರಿವೆ.

ಹೆಸರಿನ ತೊಡಕು

ಈ ಕೃತಿಯ ಹೆಸರನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ‘ವಿಚ್’ ಎಂಬುದಕ್ಕೆ ನಿಘಂಟು ಕೊಡುವ ‘ಮಾಟಗಾತಿ’ ನಮ್ಮಲ್ಲಿ ಆರೋಪದ ಮಾತು. ಮಾಟ ಎಂದೊಡನೆ ಕೇಡು ಬಗೆಯುವುದು, ನಿಂಬೆಹಣ್ಣು, ಕುಂಕುಮ, ರಾತ್ರಿಯ ಮೂರು ದಾರಿ ಕೂಡುವ ಜಾಗ ನೆನಪಾಗುತ್ತವೆ. ಇಂಥ ಆಚರಣೆಗಳ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತಡೆಯಲು ಕರ್ನಾಟಕ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ಮಾಡಿತು. ಅದು 2020ರ ಜನವರಿಯಲ್ಲಿ ಜಾರಿಗೆ ಬಂತು. ‘ಜಾದೂಗಾರ್ತಿ’ ಎಂದರೆ ವೇದಿಕೆಯ ಮೇಲೆ ಕೈಚಳಕ ತೋರಿಸುವವಳು. ‘ಮಾಂತ್ರಿಕೆ’ ಎಂದರೆ ತಾಯಿತ ಕಟ್ಟುವವಳೆಂಬ ಭಾವನೆ. ಈ ಲೇಖನದಲ್ಲಿ ಬಳಸಿದ ‘ಮಾಯಗಾತಿ’ ಎಂಬ ಪದ ಕೇಡಿನ ಅರ್ಥದಿಂದ ಸ್ವಲ್ಪ ದೂರ ನಿಲ್ಲುತ್ತದೆ.

ಈ ತೊಡಕು ಬರೀ ಅನುವಾದದ್ದಲ್ಲ, ಕಥೆಯ ಒಳಗೂ ಇದೆ. ಅಕ್ಕೊ ಮೆಚ್ಚಿದ ಶೈನಿ ಶಾರಿಯೊ ಎಂಬ ಮಾಯಗಾತಿ ಊರೂರು ತಿರುಗಿ ಬೆಳಕಿನ ಪ್ರದರ್ಶನ ಕೊಡುತ್ತಿದ್ದವಳು. ಶಾಲೆಯ ಹಿರಿಯರ ಕಣ್ಣಿನಲ್ಲಿ ಅವಳು ಪವಿತ್ರ ವಿದ್ಯೆಯನ್ನು ಸಂತೆಯ ಜಾದೂ ಮಟ್ಟಕ್ಕೆ ಇಳಿಸಿದವಳು. ವಿದ್ಯೆ ಮತ್ತು ಮನರಂಜನೆಯ ನಡುವಿನ ಈ ಜಗಳ ಸರಣಿಯ ಉದ್ದಕ್ಕೂ ನಡೆಯುತ್ತದೆ.

ಹುಟ್ಟು: ಒಂದು ತರಬೇತಿ ಯೋಜನೆ

ಟ್ರಿಗರ್ ಸ್ಟುಡಿಯೊ 2011ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಸ್ಥಾಪನೆಯಾಯಿತು. ಗೈನಾಕ್ಸ್ ಸಂಸ್ಥೆಯಿಂದ ಹೊರಬಂದ ಹಿರೊಯುಕಿ ಇಮಾಯಿಶಿ, ಮಸಾಹಿಕೊ ಒತ್ಸುಕಾ ಮೊದಲಾದವರು ಇದರ ಸ್ಥಾಪಕರು. 1971ರಲ್ಲಿ ಹುಟ್ಟಿದ ಯೋಶಿನಾರಿ ಅದೇ ಬಳಗದ ಹಿರಿಯ ಚಿತ್ರಕಾರರು. ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’, ‘ಗುರೆನ್ ಲಗಾನ್’ಗಳಂಥ ಹೆಸರಾಂತ ಕೃತಿಗಳಲ್ಲಿ ಚಿತ್ರಕಾರರಾಗಿ, ಯಂತ್ರವಿನ್ಯಾಸಕರಾಗಿ ದುಡಿದಿದ್ದ ಅವರು ಸ್ವಂತ ಕಲ್ಪನೆಯ ಕಥೆಯೊಂದನ್ನು ನಿರ್ದೇಶಿಸಿದ್ದು ಇಲ್ಲೇ ಮೊದಲು.

ಅನಿಮೆಯಲ್ಲಿ ಎರಡು ಮುಖ್ಯ ಭಂಗಿಗಳನ್ನು ಬರೆಯುವವರು ಒಬ್ಬರು, ಅವುಗಳ ನಡುವಿನ ಚಲನೆಯನ್ನು ಹಾಳೆಯ ಮೇಲೆ ಹಾಳೆ ಇಟ್ಟು ತುಂಬುವವರು ಇನ್ನೊಬ್ಬರು. ಈ ಎರಡನೆಯ ಕೆಲಸವೇ ಹೊಸಬರ ಮೊದಲ ಪಾಠ. ಕೈ ಎತ್ತುವಾಗ ಭುಜ ಎಷ್ಟು ಏಳಬೇಕು, ಓಡುವವಳ ಕೂದಲು ಎಷ್ಟು ಹಿಂದೆ ಉಳಿಯಬೇಕು ಎಂಬುದು ಸಾವಿರಾರು ಹಾಳೆ ಬರೆದಾದ ಮೇಲೆ ಕೈಗೆ ಹತ್ತುವ ತಿಳಿವಳಿಕೆ. ನಡುಚಿತ್ರಗಳ ಕೆಲಸ ಕಡಿಮೆ ಕೂಲಿಯ ಕಾರಣಕ್ಕೆ ಹೊರದೇಶಗಳಿಗೆ ಹೋಗತೊಡಗಿದಾಗ ಜಪಾನಿನಲ್ಲಿ ಹೊಸಬರು ಹಿರಿಯರ ಪಕ್ಕ ಕೂತು ಕಲಿಯುವ ಅವಕಾಶ ಕುಗ್ಗಿತು. ಇದಕ್ಕೆ ಪರಿಹಾರವೆಂದು ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ 2010ರಲ್ಲಿ ಯುವ ಚಿತ್ರಕಾರರ ತರಬೇತಿ ಯೋಜನೆಯೊಂದನ್ನು ಶುರು ಮಾಡಿತು. ಅದಕ್ಕೆ ಮುಂದೆ ‘ಅನಿಮೆ ಮಿರಾಯ್’ ಎಂಬ ಹೆಸರು ಬಂತು. ‘ಮಿರಾಯ್’ ಎಂದರೆ ನಾಳೆ, ಭವಿಷ್ಯ. ಆರಿಸಿದ ಪ್ರತಿ ಸ್ಟುಡಿಯೊಗೂ 3.8 ಕೋಟಿ ಯೆನ್ ನೆರವು ಸಿಗುತ್ತಿತ್ತು. ಯುವಕರನ್ನು ಅನುಭವಿಗಳ ಜೊತೆ ಕೂರಿಸಿ, ಜಪಾನಿನಲ್ಲೇ, ಒಂದು ಕಿರುಚಿತ್ರ ಮುಗಿಸಬೇಕೆಂಬುದು ಷರತ್ತಾಗಿತ್ತು.

2013ರ ಸಾಲಿಗೆ ಆಯ್ಕೆಯಾದ ನಾಲ್ಕು ಕಿರುಚಿತ್ರಗಳಲ್ಲಿ ಟ್ರಿಗರ್‌ನದು ಒಂದು. ಅದೇ ಸಾಲಿನಲ್ಲಿ ಮ್ಯಾಡ್‌ಹೌಸ್ ಸಂಸ್ಥೆಯ ‘ಡೆತ್ ಬಿಲಿಯರ್ಡ್ಸ್’ ಇತ್ತು; ಅದೂ ಮುಂದೆ ‘ಡೆತ್ ಪರೇಡ್’ ಎಂಬ ಸರಣಿಯಾಯಿತು. ಲಿಟಲ್ ವಿಚ್ ಅಕಾಡೆಮಿಯಾ ಕಿರುಚಿತ್ರ 2013ರ ಮಾರ್ಚ್ 2ರಂದು ಜಪಾನಿನ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಶಾಲೆಯ ನೆಲಮಾಳಿಗೆಯ ಚಕ್ರವ್ಯೂಹದಲ್ಲಿ ನಿಧಿ ಹುಡುಕುವ ತರಗತಿ, ಮಂತ್ರಶಕ್ತಿಯನ್ನು ತಿಂದಷ್ಟೂ ಬೆಳೆಯುವ ಡ್ರ್ಯಾಗನ್, ಮಣ್ಣಿನಡಿ ಸಿಕ್ಕ ಹಳೆಯ ಮಂತ್ರದಂಡ ಇಷ್ಟೇ ಅದರ ಕಥೆ. ಅದೇ ಏಪ್ರಿಲ್‌ನಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಯೂಟ್ಯೂಬ್‌ಗೆ ಬಂದಾಗ ಜಪಾನಿನ ಹೊರಗಿನ ನೋಡುಗರು ಮುಗಿಬಿದ್ದರು.

ನೋಡುಗರ ಹಣದಲ್ಲಿ ಎರಡನೆಯ ಚಿತ್ರ

ಮುಂದಿನ ಭಾಗ ಬೇಕೆಂಬ ಕೂಗಿಗೆ ಟ್ರಿಗರ್ ಕೊಟ್ಟ ಉತ್ತರ ಆ ಕಾಲಕ್ಕೆ ಹೊಸದು. 20 ನಿಮಿಷಗಳ ಎರಡನೆಯ ಚಿತ್ರಕ್ಕೆ ಹಣ ಹೊಂದಿಸಿಯಾಗಿತ್ತು. ಅದನ್ನು ಇನ್ನೂ 15 ನಿಮಿಷ ಹಿಗ್ಗಿಸಲು 2013ರ ಜುಲೈ 8ರಂದು ಕಿಕ್‌ಸ್ಟಾರ್ಟರ್ ಎಂಬ ವಂತಿಗೆ ಜಾಲತಾಣದ ಮೂಲಕ 1,50,000 ಡಾಲರ್ ಕೇಳಿತು. ಕೆಲವೇ ಗಂಟೆಗಳಲ್ಲಿ ಗುರಿ ಮುಟ್ಟಿತು. ಅಭಿಯಾನ ಮುಗಿಯುವ ಹೊತ್ತಿಗೆ 7,938 ಮಂದಿಯಿಂದ 6,25,518 ಡಾಲರ್ ಬಂದಿತ್ತು. ಕೊನೆಗೆ ತಯಾರಾದ ‘ದಿ ಎನ್‌ಚಾಂಟೆಡ್ ಪರೇಡ್’ 55 ನಿಮಿಷಗಳಷ್ಟಾಯಿತು. ಅದು 2015ರ ಜುಲೈನಲ್ಲಿ ಅಮೆರಿಕದ ಅನಿಮೆ ಎಕ್ಸ್‌ಪೊದಲ್ಲಿ ಮೊದಲ ಪ್ರದರ್ಶನ ಕಂಡು, ಅಕ್ಟೋಬರ್ 9ರಂದು ಜಪಾನಿನಲ್ಲಿ ಬಿಡುಗಡೆಯಾಯಿತು.

ಈ ಚಿತ್ರದ ವಸ್ತು ಗಮನಿಸತಕ್ಕದ್ದು. ಶಾಲೆಯ ಪಕ್ಕದ ಊರಿನಲ್ಲಿ ವರ್ಷಕ್ಕೊಮ್ಮೆ ಮೆರವಣಿಗೆ. ಹಿಂದೆ ಮಾಯಗಾತಿಯರನ್ನು ಬೇಟೆಯಾಡಿದ ಕಥೆಯನ್ನು ಅದರಲ್ಲಿ ಅಭಿನಯಿಸುತ್ತಾರೆ. ಶಾಲೆಯ ಹುಡುಗಿಯರು ತಲೆತಗ್ಗಿಸಿ ನಡೆಯಬೇಕು, ಜನ ಅವರನ್ನು ಹೀಗಳೆಯಬೇಕು. ತಪ್ಪು ಮಾಡಿ ಸಿಕ್ಕಿಬಿದ್ದ ಅಕ್ಕೊ ಮತ್ತು ಗೆಳತಿಯರಿಗೆ ಈ ಮೆರವಣಿಗೆ ನಡೆಸಿಕೊಡುವುದೇ ಶಿಕ್ಷೆ. ಅವಮಾನದ ಮೆರವಣಿಗೆಯನ್ನು ಸಂತೋಷದ ಮೆರವಣಿಗೆಯಾಗಿ ಮಾಡುತ್ತೇನೆಂದು ಅಕ್ಕೊ ಹೊರಡುತ್ತಾಳೆ. ಅವಳ ಉತ್ಸಾಹ ಗೆಳತಿಯರ ಮಾತನ್ನೇ ಕೇಳಿಸಿಕೊಳ್ಳದಷ್ಟು ಬೆಳೆದಾಗ ಸ್ನೇಹ ಮುರಿಯುತ್ತದೆ. ಪ್ರತಿಭೆ ಇಲ್ಲದವಳ ಹಟವೂ ಇನ್ನೊಬ್ಬರಿಗೆ ಹೊರೆಯಾಗಬಹುದು ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ.

ಟಿ.ವಿ. ಸರಣಿ

ಕಥೆಯನ್ನು ಮೊದಲಿನಿಂದ ಹೊಸದಾಗಿ ಹೇಳುವ 25 ಕಂತುಗಳ ಸರಣಿ 2017ರ ಜನವರಿ 9ರಿಂದ ಜೂನ್ 26ರವರೆಗೆ ಟೋಕಿಯೊ ಎಂಎಕ್ಸ್ ಮೊದಲಾದ ವಾಹಿನಿಗಳಲ್ಲಿ ಪ್ರಸಾರವಾಯಿತು. ಮುಖ್ಯ ಚಿತ್ರಕಥೆ ಮಿಚಿರು ಶಿಮಾದಾ ಅವರದು. ಸರಣಿ ಮುಗಿದ ಆ ವರ್ಷದ ಡಿಸೆಂಬರಿನಲ್ಲೇ ಅವರು ತೀರಿಕೊಂಡರು. ಸಂಗೀತ ಮಿಚಿರು ಒಶಿಮಾ ಅವರದು. ಇಡೀ ವಾದ್ಯವೃಂದ ಬಳಸಿದ ಈ ಸಂಗೀತ ಪೊರಕೆಯ ಹಾರಾಟಕ್ಕೂ ಅಡುಗೆಮನೆಯ ಗಲಾಟೆಗೂ ಒಂದೇ ಹುರುಪು ಕೊಡುತ್ತದೆ. ನೆಟ್‌ಫ್ಲಿಕ್ಸ್ ಮೊದಲ 13 ಕಂತುಗಳನ್ನು 2017ರ ಜೂನ್ 30ರಂದೂ ಉಳಿದ 12ನ್ನು ಆಗಸ್ಟ್ 15ರಂದೂ ಜಗತ್ತಿನಾದ್ಯಂತ ಬಿಡುಗಡೆ ಮಾಡಿತು. ಅದೇ ನವೆಂಬರಿನಲ್ಲಿ ‘ಚೇಂಬರ್ ಆಫ್ ಟೈಮ್’ ಎಂಬ ವಿಡಿಯೊ ಗೇಮ್ ಜಪಾನಿನಲ್ಲಿ ಬಂತು.

ಲೂನಾ ನೋವಾ ಶಾಲೆ

ಕಥೆ ನಡೆಯುವುದು ಬ್ರಿಟನ್ನಿನ ಹಳ್ಳಿಗಾಡಿನಲ್ಲಿ, ಬ್ಲೈಟನ್‌ಬರಿ ಊರಿನ ಹತ್ತಿರದ ಲೂನಾ ನೋವಾ ಎಂಬ ಹುಡುಗಿಯರ ವಸತಿಶಾಲೆಯಲ್ಲಿ. ಒಂಬತ್ತು ಪುರಾತನ ಮಾಯಗಾತಿಯರ ಪರಂಪರೆ ತನ್ನದೆಂದು ಶಾಲೆ ಹೇಳಿಕೊಳ್ಳುತ್ತದೆ. ಆದರೆ ಕಾಲ ಬದಲಾಗಿದೆ. ವಿಮಾನ ಇರುವಾಗ ಪೊರಕೆ ಯಾರಿಗೆ ಬೇಕು, ಮೊಬೈಲ್ ಇರುವಾಗ ಸ್ಫಟಿಕದ ಗೋಳ ಯಾರಿಗೆ ಬೇಕು? ಶಾಲೆಯ ಗೋಪುರದ ಮಾಂತ್ರಿಕ ಶಿಲೆಯ ಆಸುಪಾಸಿನಲ್ಲಿ ಮಾತ್ರ ಮಂತ್ರ ಸರಿಯಾಗಿ ನಡೆಯುತ್ತದೆ. ವಿದ್ಯಾರ್ಥಿನಿಯರ ಸಂಖ್ಯೆ ಇಳಿದು ಖಜಾನೆ ಬರಿದಾದ್ದರಿಂದಲೇ ಮಾಂತ್ರಿಕ ಮನೆತನದ ಹೊರಗಿನವರಿಗೂ ಬಾಗಿಲು ತೆರೆದಿದೆ. ಅಕ್ಕೊ ಒಳಗೆ ಬಂದದ್ದು ಈ ಬಡತನದ ಬಾಗಿಲಿನಿಂದ.

ಶಾಲೆಯ ಹಣಕಾಸಿನ ಪಾಡನ್ನು ಸರಣಿ ತಮಾಷೆಯಾಗಿ, ಆದರೆ ವಿವರವಾಗಿ ತೋರಿಸುತ್ತದೆ. ಐದನೆಯ ಕಂತಿನಲ್ಲಿ ಫಾಫ್ನಿರ್ ಎಂಬ ಡ್ರ್ಯಾಗನ್ ಶಾಲೆಯ ಸಾಲಕ್ಕಾಗಿ ಮಾಂತ್ರಿಕ ಶಿಲೆಯನ್ನೇ ಹೊತ್ತೊಯ್ಯುತ್ತದೆ. ಹುಡುಗಿಯರು ಅದರ ಬೆನ್ನಟ್ಟಿ ಹೋದರೆ ಗುಹೆಯಲ್ಲಿ ಚಿನ್ನದ ರಾಶಿ ಕಾಯುವ ಸರ್ಪವಿಲ್ಲ. ಕಂಪ್ಯೂಟರ್ ಪರದೆಗಳ ಮುಂದೆ ಕೂತು ಷೇರು ವ್ಯವಹಾರ ನಡೆಸುವ ಸಾಹುಕಾರನಿದ್ದಾನೆ. ಪ್ರಾಚೀನ ಭಾಷೆಯಲ್ಲಿದ್ದ ಸಾಲಪತ್ರವನ್ನು ಯಾರೂ ಓದಿಯೇ ಇರಲಿಲ್ಲ. ಜಾಣೆ ಡಯಾನಾ ಅದನ್ನು ಓದಿ, ಬಡ್ಡಿಯ ಮಾತೇ ಅದರಲ್ಲಿ ಇಲ್ಲವೆಂದು ತೋರಿಸಿದ ಮೇಲೆ ಲೆಕ್ಕ ತಿರುಗುತ್ತದೆ. ಕತ್ತಿ ಹಿಡಿದು ಕೊಲ್ಲಬೇಕಾದ ಡ್ರ್ಯಾಗನ್ ಇಲ್ಲಿ ಓದು ಬಲ್ಲವಳ ಮುಂದೆ ಸೋಲುತ್ತದೆ. ಇನ್ನೊಂದು ಕಂತಿನಲ್ಲಿ ಅಡುಗೆ, ಕಸ ನೋಡಿಕೊಳ್ಳುವ ಯಕ್ಷಿಣಿಯರು ತಮಗೆ ಸಿಗುವ ಮಂತ್ರಶಕ್ತಿ ಸಾಲದೆಂದು ಮುಷ್ಕರ ಹೂಡುತ್ತಾರೆ.

ಪಾತ್ರಗಳು

ಅಕ್ಕೊ ಜಪಾನಿನ ಸಾಧಾರಣ ಮನೆಯ ಹುಡುಗಿ. ಚಿಕ್ಕವಳಿದ್ದಾಗ ನೋಡಿದ ಶೈನಿ ಶಾರಿಯೊಳ ಪ್ರದರ್ಶನ ಅವಳ ಬದುಕಿನ ದಿಕ್ಕು ನಿರ್ಧರಿಸಿತು. ಮುಂಗೋಪಿ, ಬಾಯಿಬಡುಕಿ, ತರಗತಿಯಲ್ಲಿ ನಿದ್ದೆ ಹೊಡೆಯುವವಳು. ಧ್ವನಿ ಮೆಗುಮಿ ಹಾನ್ ಅವರದು.

ಅವಳ ಕೋಣೆಯ ಗೆಳತಿಯರಿಬ್ಬರು. ಫಿನ್‌ಲೆಂಡಿನ ಲೊಟ್ಟೆ ಯಾನ್ಸನ್ ಮೆದು ಮಾತಿನ ಕನ್ನಡಕದ ಹುಡುಗಿ. ವಸ್ತುಗಳಲ್ಲಿ ಅಡಗಿರುವ ಯಕ್ಷಿಣಿಗಳನ್ನು ಹಾಡಿ ಎಬ್ಬಿಸುತ್ತಾಳೆ. ನೂರಾರು ಸಂಪುಟಗಳ ಕಾದಂಬರಿಮಾಲೆಯೊಂದರ ಕಟ್ಟಾ ಓದುಗಾರ್ತಿ. ಆ ಮಾಲೆಯನ್ನು ಒಬ್ಬರ ನಂತರ ಒಬ್ಬರು ಒಂದೇ ಹೆಸರಿನಲ್ಲಿ ಬರೆದುಕೊಂಡು ಬಂದಿದ್ದಾರೆ. ಮುಂದಿನ ಲೇಖಕಿ ನೀನಾಗು ಎಂದು ಅವಳನ್ನು ಕೇಳಿದಾಗ, ಓದುಗಾರ್ತಿಯಾಗಿ ಇರುವುದೇ ತನಗೆ ಇಷ್ಟ ಎಂದು ನಿರಾಕರಿಸುತ್ತಾಳೆ. ಎಲ್ಲರೂ ವೇದಿಕೆ ಏರಲೇಬೇಕೆಂದಿಲ್ಲ ಎನ್ನುವ ಈ ಸಣ್ಣ ಕಂತು ಅಕ್ಕೊಳ ಹಂಬಲಕ್ಕೆ ಎದುರಾಗಿ ನಿಲ್ಲುತ್ತದೆ. ಇನ್ನೊಬ್ಬಳು ಸೂಸಿ ಮನ್‌ಬವರನ್, ಆಗ್ನೇಯ ಏಷ್ಯಾದಿಂದ ಬಂದವಳು. ಅಣಬೆ, ವಿಷ, ಕಷಾಯ ಇವೇ ಅವಳ ಪ್ರಪಂಚ. ಹೊಸ ಮದ್ದು ತಯಾರಾದಾಗಲೆಲ್ಲ ಪ್ರಯೋಗಕ್ಕೆ ಸಿಗುವವಳು ಅಕ್ಕೊ. ಸೂಸಿಯ ಕನಸಿನೊಳಗೆ ನಡೆಯುವ ಎಂಟನೆಯ ಕಂತು ಹಲವು ಚಿತ್ರಶೈಲಿಗಳನ್ನು ಒಟ್ಟಿಗೆ ಹೆಣೆದ ಕಾರಣಕ್ಕೆ ಪ್ರಸಿದ್ಧ.

ಡಯಾನಾ ಕ್ಯಾವೆಂಡಿಶ್ ಹಳೆಯ ಮಾಂತ್ರಿಕ ಮನೆತನದ ಕುಡಿ, ಶಾಲೆಯ ಅತ್ಯುತ್ತಮ ವಿದ್ಯಾರ್ಥಿನಿ. ಅವಳ ಹಿಂದೆಮುಂದೆ ಸುಳಿಯುವ ಹ್ಯಾನಾ ಮತ್ತು ಬಾರ್ಬರಾ ಎಂಬ ಜೋಡಿ ಹೆಸರು ‘ಟಾಮ್ ಅಂಡ್ ಜೆರ್ರಿ’ ಸೃಷ್ಟಿಸಿದ ಹ್ಯಾನಾ–ಬಾರ್ಬೆರಾ ಜೋಡಿಯನ್ನು ನೆನಪಿಸುತ್ತದೆ. ಅಕ್ಕೊಳ ಸಹಪಾಠಿಗಳಲ್ಲಿ ಇನ್ನೂ ಮೂವರು: ಪೊರಕೆಯ ಮೇಲೆ ನಿಂತು ನರ್ತಿಸುವ ಅಮೆರಿಕದ ಅಮಾಂಡಾ, ಮಾತಾಡದೆ ಯಂತ್ರ ಕಟ್ಟುವ ಕಾನ್‌ಸ್ಟಾನ್ಜ್, ಸದಾ ತಿಂಡಿ ಮೆಲ್ಲುವ ಜಾಸ್ಮಿಂಕಾ.

ಅಧ್ಯಾಪಕಿಯರಲ್ಲಿ ಮುಖ್ಯರಾದವರು ಅರ್ಸುಲಾ ಕ್ಯಾಲಿಸ್ಟಿಸ್. ನೀಲಿ ಕೂದಲು, ಜೋಲುವ ಕನ್ನಡಕ, ಎಡವುವ ನಡಿಗೆ. ಕೂದಲಿನ ಬಣ್ಣ ಬದಲಿಸಿಕೊಂಡು ಅಡಗಿರುವ ಶೈನಿ ಶಾರಿಯೊ ಇವರೇ ಎಂಬುದು ನೋಡುಗರಿಗೆ ಬೇಗ ತಿಳಿಯುತ್ತದೆ, ಅಕ್ಕೊಗೆ ಮಾತ್ರ ಕೊನೆಯ ಭಾಗದವರೆಗೂ ತಿಳಿಯುವುದಿಲ್ಲ. ಹೆಸರಿನಲ್ಲೇ ಸುಳಿವಿದೆ. ಲ್ಯಾಟಿನ್‌ನಲ್ಲಿ ಅರ್ಸುಲಾ ಎಂದರೆ ಮರಿಕರಡಿ. ಗ್ರೀಕ್ ಪುರಾಣದ ಕ್ಯಾಲಿಸ್ಟೊ ಕರಡಿಯಾಗಿ ಮಾರ್ಪಟ್ಟವಳು. ಶಾರಿಯೊಳ ಮಂತ್ರದಂಡದಲ್ಲಿ ಏಳು ನಕ್ಷತ್ರಗಳಿವೆ. ಅವನ್ನು ಬೆಳಗಿಸಲು ಬೇಕಾದವು ‘ಆರ್ಕ್ಟರಸ್‌ನ ಏಳು ಮಾತುಗಳು’. ಆರ್ಕ್ಟರಸ್ ಎಂದರೆ ಗ್ರೀಕಿನಲ್ಲಿ ಕರಡಿಯ ಕಾವಲುಗಾರ. ನಮ್ಮ ಪಂಚಾಂಗದಲ್ಲಿ ಅದೇ ಸ್ವಾತಿ ನಕ್ಷತ್ರ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆಂಬ ನಂಬಿಕೆ ಬಲ್ಲ ಕನ್ನಡಿಗರಿಗೆ ಈ ಹೆಸರು ಬೇರೊಂದು ದಾರಿಯಿಂದ ಹತ್ತಿರವಾಗುತ್ತದೆ.

ಕಥೆಯ ನಡೆ

ಮೊದಲ ಅರ್ಧದ ಕಂತುಗಳು ಬಿಡಿಬಿಡಿ ಸಾಹಸಗಳು. ಶಾಲೆಗೆ ಬರುವ ದಾರಿಯಲ್ಲೇ ಕಾಡಿಗೆ ಬಿದ್ದ ಅಕ್ಕೊಗೆ ಶಾರಿಯೊಳ ಮಂತ್ರದಂಡ ಸಿಗುತ್ತದೆ. ಎರಡನೆಯ ಕಂತಿನಲ್ಲಿ ಶಾಲೆಯ ಪವಿತ್ರ ಮರ ಬಾಡತೊಡಗುತ್ತದೆ. ಡಯಾನಾ ತನ್ನ ಮಂತ್ರದಿಂದ ಗುಣಪಡಿಸಲು ಯತ್ನಿಸುತ್ತಾಳೆ. ಬೇರಿಗೆ ಅಂಟಿದ್ದನ್ನು ಹುಳುಗಳೆಂದು ತಿಳಿದು ನಾಶಮಾಡಲು ಮುಂದಾಗುತ್ತಾಳೆ. ಅವು ಹುಳುಗಳಲ್ಲ, 120 ವರ್ಷಕ್ಕೊಮ್ಮೆ ಹೊರಬರುವ ಅಪೂರ್ವ ಚಿಟ್ಟೆಗಳ ಕೋಶಗಳು ಎಂದು ಗುರುತಿಸುವವಳು ಅಕ್ಕೊ. ಅವಳಿಗೆ ಅದು ಗೊತ್ತಾದದ್ದು ಗ್ರಂಥಗಳಿಂದಲ್ಲ, ಬಾಲ್ಯದಲ್ಲಿ ಕೂಡಿಟ್ಟ ಶಾರಿಯೊಳ ಆಟದ ಕಾರ್ಡ್‌ನಿಂದ. ಹಿರಿಯರು ಹೀಗಳೆದ ಮನರಂಜನೆಯೊಳಗೇ ವಿದ್ಯೆ ಇತ್ತು. ಮೂರನೆಯ ಕಂತಿನ ಪೊರಕೆ ಓಟದಲ್ಲಿ, ಹಾರಲಾರದ ಅಕ್ಕೊ ಯಾರ ಹತೋಟಿಗೂ ಸಿಗದ ಉಲ್ಕೆಯಂಥ ಪೊರಕೆಯನ್ನು ಬಿಗಿದಪ್ಪಿ ಕಣಕ್ಕಿಳಿಯುತ್ತಾಳೆ.

ಎರಡನೆಯ ಅರ್ಧದಲ್ಲಿ ಕ್ರೊವಾ ಮೆರಿಡೀಸ್ ಎಂಬ ಹೊಸ ಅಧ್ಯಾಪಕಿ ಬರುತ್ತಾರೆ. ಮಂತ್ರವಿದ್ಯೆಯನ್ನೂ ಎಲೆಕ್ಟ್ರಾನಿಕ್ಸ್‌ನ್ನೂ ಬೆಸೆದ ಅವರ ಉಪಕರಣಗಳು ಶಾಲೆಯ ಶಕ್ತಿಯ ಕೊರತೆ ನೀಗುತ್ತವೆ. ಅವರು ಶಾರಿಯೊಳ ಹಳೆಯ ಗೆಳತಿ. ಮಂತ್ರದಂಡ ತನ್ನನ್ನಲ್ಲ, ಶಾರಿಯೊಳನ್ನು ಆರಿಸಿತೆಂಬ ಕಹಿ ಉಳಿಸಿಕೊಂಡವರು. ಜನರ ಕೈಯಲ್ಲಿರುವ ಸಾಧನಗಳ ಮೂಲಕ ಅವರ ಸಿಟ್ಟನ್ನು ಹೀರಿ ಶಕ್ತಿಯಾಗಿಸುವುದು ಅವರ ತಂತ್ರ. ಕಾಲ್ಚೆಂಡು ಪಂದ್ಯವೊಂದರ ಸುತ್ತ ಹೊತ್ತಿಸಿದ ಜಗಳ ಕೈಮೀರಿ, ಕೊನೆಗೆ ಕ್ಷಿಪಣಿಯೊಂದು ಆಕಾಶಕ್ಕೇರುತ್ತದೆ. 2017ರಲ್ಲಿ ಪ್ರಸಾರವಾದ ಮಕ್ಕಳ ಸ್ನೇಹಿ ಸರಣಿಯೊಂದು ಮೊಬೈಲ್ ಪರದೆಯ ದ್ವೇಷವನ್ನು ಖಳಶಕ್ತಿಯಾಗಿ ಕಂಡದ್ದು ಇಂದಿನ ನೋಡುಗರಿಗೆ ಇನ್ನಷ್ಟು ನಾಟುತ್ತದೆ.

ಕಥೆಯ ತಿರುಳು ಇರುವುದು 20ನೆಯ ಕಂತಿನ ಆಚೆ ಬರುವ ಒಂದು ತಪ್ಪೊಪ್ಪಿಗೆಯಲ್ಲಿ. ಶಾರಿಯೊ ತನ್ನ ಪ್ರದರ್ಶನಗಳಿಗೆ ಶಕ್ತಿ ಸಾಲದೆ, ಕ್ರೊವಾ ಕೊಟ್ಟ ತಂತ್ರವೊಂದನ್ನು ಬಳಸಿದ್ದರು. ಅದು ನೋಡುಗರ ಕನಸುಗಳ ಶಕ್ತಿಯನ್ನೇ ಹೀರುತ್ತದೆಂದು ಅವರಿಗೆ ಮೊದಲು ಗೊತ್ತಿರಲಿಲ್ಲ. ಸಭೆಯಲ್ಲಿ ಕೂತಿದ್ದ ಪುಟ್ಟ ಅಕ್ಕೊ ಹಾರುವ ಸಾಮರ್ಥ್ಯ ಕಳೆದುಕೊಂಡದ್ದು ಆ ದಿನವೇ.

ಪ್ರತಿಭೆಯ ಪ್ರಶ್ನೆ

ಹೀಗಾಗಿ ಅಕ್ಕೊ ‘ಪ್ರತಿಭೆ ಇಲ್ಲದವಳು’ ಎಂಬ ಮಾತೇ ಕೊನೆಗೆ ಅಲುಗಾಡುತ್ತದೆ. ಅವಳಿಗೆ ಕೊರತೆ ಇತ್ತು, ನಿಜ. ಆದರೆ ಆ ಕೊರತೆಯ ಹಿಂದೆ ಒಂದು ಚರಿತ್ರೆಯೂ ಇತ್ತು. ಇದಕ್ಕೆ ಜೊತೆಯಾಗಿ ಸರಣಿ ಇನ್ನೊಂದು ಗುಟ್ಟು ಬಿಚ್ಚುತ್ತದೆ. ಡಯಾನಾ ಕೂಡ ಬಾಲ್ಯದಲ್ಲಿ ಅದೇ ಪ್ರದರ್ಶನ ನೋಡಿ ತನ್ನ ಮಂತ್ರಶಕ್ತಿ ಕಳೆದುಕೊಂಡಿದ್ದಳು. ಮನೆಯವರಿಗೂ ಹೇಳದೆ ಅಭ್ಯಾಸ ಮಾಡಿ ಅದನ್ನು ಮರಳಿ ಗಳಿಸಿದ್ದಳು. ಎಲ್ಲರೂ ಹುಟ್ಟು ಪ್ರತಿಭೆ ಎಂದು ಕೊಂಡಾಡಿದ್ದು ದುಡಿಮೆಯ ಫಲವಾಗಿತ್ತು. ಜಾಣೆ ಮತ್ತು ದಡ್ಡಿ ಇಬ್ಬರೂ ಒಂದೇ ಕಡೆಯಿಂದ ಹೊರಟವರು.

ಭಾರತೀಯ ನೋಡುಗರಿಗೆ ಇಲ್ಲಿ ಏಕಲವ್ಯ ನೆನಪಾಗದೆ ಇರಲಾರ. ಏಕಲವ್ಯನ ಮುಂದೆ ಗುರುವಿನ ಮೂರ್ತಿ ಇತ್ತು, ಗುರು ಇರಲಿಲ್ಲ. ಅಕ್ಕೊಳ ಮುಂದೆ ಗುರು ದಿನವೂ ಇದ್ದರು, ಅವಳಿಗೆ ಗುರುತಿರಲಿಲ್ಲ. ಅವಳು ಪೂಜಿಸಿದ್ದು ಗೋಡೆಯ ಚಿತ್ರವನ್ನು. ಏಕಲವ್ಯನಿಗೆ ಪ್ರತಿಭೆ ಇತ್ತು, ಪ್ರವೇಶವಿರಲಿಲ್ಲ. ಅಕ್ಕೊಗೆ ಪ್ರವೇಶ ಸಿಕ್ಕಿತು, ಪ್ರತಿಭೆ ಇರಲಿಲ್ಲ. ಎರಡೂ ಕಥೆಗಳಲ್ಲಿ ಗುರು ಶಿಷ್ಯರಿಂದ ಒಂದನ್ನು ಕಿತ್ತುಕೊಳ್ಳುತ್ತಾರೆ: ಅಲ್ಲಿ ಬಿಲ್ಲು ಹಿಡಿಯುವ ಹೆಬ್ಬೆರಳು, ಇಲ್ಲಿ ಹಾರುವ ಶಕ್ತಿ. ದ್ರೋಣ ಕೇಳಿ ಪಡೆದರು. ಶಾರಿಯೊ ಅರಿಯದೆ ತೆಗೆದುಕೊಂಡು, ಅರಿತ ಮೇಲೆ ಹೆಸರನ್ನೂ ಬಣ್ಣವನ್ನೂ ಮರೆಸಿಕೊಂಡು ಅಧ್ಯಾಪಕಿಯಾಗಿ ಋಣ ತೀರಿಸಲು ನಿಂತರು. ಅಕ್ಕೊಳನ್ನು ಉಳಿಸಲು ಹೋಗಿ ವಗಾಂಡಿಯಾ ಎಂಬ ಮರದ ಪರಾಗ ತಗುಲಿದಾಗ ತಮ್ಮ ಹಾರಾಟವನ್ನೇ ಕಳೆದುಕೊಳ್ಳುತ್ತಾರೆ.

ದಡ್ಡ ಶಿಷ್ಯ ಜ್ಞಾನಿಯಾಗುವ ಕಥೆಗಳು ನಮ್ಮಲ್ಲೂ ಇವೆ. ಶೃಂಗೇರಿಯ ಐತಿಹ್ಯದಲ್ಲಿ ಸಹಪಾಠಿಗಳು ಮಂದನೆಂದು ನಕ್ಕ ಗಿರಿ ಎಂಬ ಶಿಷ್ಯ ಶಂಕರಾಚಾರ್ಯರ ಅನುಗ್ರಹದಿಂದ ಒಮ್ಮೆಲೇ ಸ್ತೋತ್ರ ಹೇಳಿ ತೋಟಕಾಚಾರ್ಯರಾಗುತ್ತಾರೆ. ರಾಜ್‌ಕುಮಾರ್ ನಟಿಸಿದ ‘ಕವಿರತ್ನ ಕಾಳಿದಾಸ’ (1983) ಚಿತ್ರದಲ್ಲಿ ಕುರಿ ಕಾಯುವ ಮುಗ್ಧ ಕಾಳಿಯ ವರದಿಂದ ಕವಿಯಾಗುತ್ತಾನೆ. ಈ ಕಥೆಗಳಲ್ಲಿ ಬದಲಾವಣೆ ಒಂದು ಕ್ಷಣದ್ದು, ಮೇಲಿನಿಂದ ಬಂದದ್ದು. ಅಕ್ಕೊಳಿಗೂ ಒಂದು ಮಂತ್ರದಂಡ ಸಿಕ್ಕಿತು. ಅದರ ಬೆಳಕಿನಲ್ಲಿ ಅವಳು ದೊಡ್ಡ ಕೆಲಸಗಳನ್ನೂ ಮಾಡಿದಳು. ಆದರೆ ದಂಡ ಕೈಯಲ್ಲಿದ್ದಾಗಲೂ ಪೊರಕೆ ಮೇಲೇಳಲಿಲ್ಲ. ಏಳು ಮಾತುಗಳನ್ನು ಒಂದೊಂದಾಗಿ ಗಳಿಸಬೇಕಾಯಿತು, ಪ್ರತಿಯೊಂದೂ ತಾಳ್ಮೆ, ಇನ್ನೊಬ್ಬರಿಗೆ ಕಿವಿಗೊಡುವುದು ಮುಂತಾದ ಪಾಠ ಕಲಿತ ಮೇಲೆ ಮಾತ್ರ. ಕೊನೆಗೆ ಲೋಕದ ಕೆಲಸ ಮುಗಿದೊಡನೆ ಆ ದಂಡವೂ ಅವಳ ಕೈಬಿಟ್ಟು ಹೋಗುತ್ತದೆ.

ಯುವ ಚಿತ್ರಕಾರರ ತರಬೇತಿಯಾಗಿ ಹುಟ್ಟಿದ ಕೃತಿ ಎಂಬುದನ್ನು ನೆನೆದು ನೋಡಿದರೆ, ಕ್ಷೀಣಿಸುತ್ತಿರುವ ಮಾಯಾವಿದ್ಯೆ ಕೈಯಿಂದ ಬರೆಯುವ ಅನಿಮೆಯ ರೂಪಕವಾಗಿಯೂ ಕಾಣುತ್ತದೆ. ಹಳಬರ ವಿದ್ಯೆ, ಖಾಲಿಯಾದ ಖಜಾನೆ, ಯಂತ್ರದ ಪೈಪೋಟಿ, ಎಲ್ಲೋ ನೋಡಿದ ಪ್ರದರ್ಶನಕ್ಕೆ ಮಾರುಹೋಗಿ ಬಾಗಿಲು ತಟ್ಟುವ ಹೊಸಬರು: ಲೂನಾ ನೋವಾದ ಚಿತ್ರವೂ ಅದೇ, ಸ್ಟುಡಿಯೊದ ಚಿತ್ರವೂ ಅದೇ.

ಕರ್ನಾಟಕದಿಂದ ನೋಡಿದಾಗ

ಕನ್ನಡಿಗರ ಮನೆಗೆ ಅನಿಮೆ ಬಂದದ್ದು ಆ ಹೆಸರಿಲ್ಲದೆ. 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿ ಮಾತಾಡಿದ ಮೋಗ್ಲಿ, ನಿಪ್ಪಾನ್ ಅನಿಮೇಶನ್ ಸಂಸ್ಥೆ 1989ರಲ್ಲಿ ತಯಾರಿಸಿದ ಜಪಾನಿ ಸರಣಿಯದು. ಯೂಗೊ ಸಾಕೊ ಮತ್ತು ರಾಮ್ ಮೋಹನ್ ಜೊತೆಯಾಗಿ ಮಾಡಿದ ಭಾರತ–ಜಪಾನ್ ರಾಮಾಯಣ ಚಿತ್ರವೂ ಸುಮಾರು ಅದೇ ಕಾಲದ್ದು. ಅನಂತರ ಡೋರೇಮಾನ್ ಬಂತು. ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿ.ವಿ. 2009ರಲ್ಲಿ ಶುರುವಾಗಿ ಕಾರ್ಟೂನ್‌ಗಳನ್ನು ಕನ್ನಡದಲ್ಲಿ ಕೊಟ್ಟಿತು. ಆದರೆ ಚಲನಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. ಭಾರತದ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಇದರ ವಿರುದ್ಧ ಆದೇಶ ನೀಡಿತು. 2017ರ ಮಾರ್ಚ್‌ನಲ್ಲಿ ‘ಸತ್ಯದೇವ್ ಐಪಿಎಸ್’ ಚಿತ್ರ ಕನ್ನಡಕ್ಕೆ ಡಬ್ ಆಗಿ ತೆರೆಗೆ ಬಂತು. ಲಿಟಲ್ ವಿಚ್ ಅಕಾಡೆಮಿಯಾ ಜಪಾನಿನಲ್ಲಿ ಪ್ರಸಾರವಾಗುತ್ತಿದ್ದ ತಿಂಗಳುಗಳೇ ಅವು. ಇಂದು ಕನ್ನಡದ ಹುಡುಗ ಹುಡುಗಿಯರು ಈ ಸರಣಿಯನ್ನು ಜಪಾನಿ ಧ್ವನಿ, ಇಂಗ್ಲಿಷ್ ಅಡಿಬರಹದಲ್ಲೋ ಇಂಗ್ಲಿಷ್ ಡಬ್ಬಿಂಗ್‌ನಲ್ಲೋ ನೋಡುತ್ತಾರೆ.

ಕರಾವಳಿಯ ಮನೆಗಳಲ್ಲಿ ಅಂಗಳ ಗುಡಿಸುವುದು ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ. ಅದರ ಮೇಲೆ ಕೂರುವುದಿರಲಿ, ಅದನ್ನು ದಾಟಿದರೂ ಹಿರಿಯರು ಗದರುತ್ತಾರೆ. ಅಕ್ಕೊ ಏರುವುದು ಉದ್ದ ಕೋಲಿನ ಯುರೋಪಿನ ಪೊರಕೆ. ಆದರೆ ತುದಿಗಾಲಲ್ಲಿ ನಿಂತು, ಕೋಲು ಬಿಗಿಹಿಡಿದು, ಕಣ್ಣು ಮುಚ್ಚಿ ‘ತಿಯಾ ಫ್ರೇರೆ’ ಎಂದು ಹಾರುವ ಮಂತ್ರ ಕೂಗಿ, ಒಂದು ಕ್ಷಣ ಕಾದು, ಮತ್ತೆ ಹಿಮ್ಮಡಿ ನೆಲಕ್ಕೂರುವ ಆ ಭಂಗಿ ಸೈಕಲ್ ಕಲಿಯುತ್ತಿರುವ ಯಾವ ಊರಿನ ಮಗುವಿಗೂ ಗೊತ್ತು.

ಕಲಿಕೆ ಎಂದರೆ ಮತ್ತೆ ಮತ್ತೆ ವೇದಿಕೆಗೆ ಬರುವುದು ಎಂಬುದಕ್ಕೆ ಮಂಗಳೂರಿನ ಶಕ್ತಿನಗರದಲ್ಲಿ ಒಂದು ಜೀವಂತ ನಿದರ್ಶನವಿದೆ. ಕೊಂಕಣಿ ಸಾಂಸ್ಕೃತಿಕ ಸಂಘಟನೆ ಮಾಂಡ್ ಸೊಭಾಣ್ 1986ರಲ್ಲಿ ಹುಟ್ಟಿತು. ಶಕ್ತಿನಗರದ ಕಲಾಂಗಣ ಅದರ ನೆಲೆ. 2002ರ ಜನವರಿಯಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅದು ತಿಂಗಳ ವೇದಿಕೆ ನಡೆಸುತ್ತ ಬಂದಿದೆ. 2008ರ ಜನವರಿ 26, 27ರಂದು ಅಲ್ಲಿ 1,711 ಗಾಯಕರು ಸರದಿಯ ಮೇಲೆ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ಮಂದಿಯೂ ಹುಟ್ಟು ಗಾಯಕರಾಗಿರಲು ಸಾಧ್ಯವಿಲ್ಲ. ತನ್ನ ಸರದಿ ಬಂದಾಗ ದನಿಗೂಡಿಸಿ, ಮುಂದಿನವರಿಗೆ ದಾಟಿಸಿದವರು. ಸರಣಿಯ ಕೊನೆಯಲ್ಲಿ ಕ್ಷಿಪಣಿಯ ಬೆನ್ನಟ್ಟಿದ ಹುಡುಗಿಯರು ಮಾಡುವುದೂ ಇದನ್ನೇ: ಒಬ್ಬೊಬ್ಬರೂ ತಮ್ಮ ಬಲ ಮುಗಿಯುವವರೆಗೆ ಉಳಿದವರನ್ನು ಮುಂದೆ ತಳ್ಳಿ ಹಿಂದೆ ಸರಿಯುತ್ತಾರೆ. ತುದಿ ಮುಟ್ಟುವವರು ಅಕ್ಕೊ ಮತ್ತು ಡಯಾನಾ.

ಸ್ಥಾನ

ಸರ್ಕಾರದ ತರಬೇತಿ ಹಣ, ನೋಡುಗರ ವಂತಿಗೆ, ಟಿ.ವಿ. ವಾಹಿನಿ, ಅಂತರರಾಷ್ಟ್ರೀಯ ಸ್ಟ್ರೀಮಿಂಗ್ ಈ ನಾಲ್ಕನ್ನೂ ನಾಲ್ಕೇ ವರ್ಷಗಳಲ್ಲಿ ಹಾದುಬಂದ ಕೃತಿಯಾಗಿ ಲಿಟಲ್ ವಿಚ್ ಅಕಾಡೆಮಿಯಾ ಅನಿಮೆ ಉದ್ಯಮದ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ಹೊಸದಾಗಿ ನೋಡುವವರು 2013ರ ಕಿರುಚಿತ್ರದಿಂದ ಶುರು ಮಾಡಬಹುದು, ಟಿ.ವಿ. ಸರಣಿ ಸ್ವತಂತ್ರವಾಗಿ ನಿಲ್ಲುವುದರಿಂದ ನೇರವಾಗಿ ಅಲ್ಲಿಗೂ ಹೋಗಬಹುದು. ಲೋಕ ಉಳಿದು, ಮಂತ್ರಶಕ್ತಿ ಜಗತ್ತಿಗೆ ಮರಳಿ, ಎಲ್ಲ ಮುಗಿಯಿತು ಎನ್ನುವಾಗ ಕೊನೆಯ ಕಂತು ಮತ್ತೆ ಅಭ್ಯಾಸದ ಅಂಗಳಕ್ಕೆ ಬರುತ್ತದೆ. ಅಕ್ಕೊಳ ಕೈಯಲ್ಲಿ ಈಗ ಪ್ರಸಿದ್ಧ ದಂಡವಿಲ್ಲ, ಸಾಧಾರಣ ಪೊರಕೆ ಇದೆ. ಸುತ್ತ ಗೆಳತಿಯರು ನಿಂತಿದ್ದಾರೆ. ಅವಳು ಮಂತ್ರ ಹೇಳುತ್ತಾಳೆ. ಕಾಲು ನೆಲದಿಂದ ತುಸುವೇ ಮೇಲೆ ಏಳುತ್ತದೆ.